ಒಬ್ಬರೇ ಪೂಲ್ ಅಭ್ಯಾಸ: ಬ್ಯಾಂಕ್, ಕಿಕ್ ಹೊಡೆತಗಳನ್ನು ಅಳೆದು ಕಲಿಯುವ ಬಗೆ

"ಜೊತೆಗೆ ಆಡುವವರು ಯಾರೂ ಸಿಗುವುದಿಲ್ಲ, ಒಬ್ಬನೇ ಟೇಬಲ್ ಹಿಡಿದು ಏನು ಮಾಡಲಿ?" ಇದು ಒಂದು ಪ್ರಶ್ನೆ. "ನೇರವಾದ ಪಾಟ್ (ಬಾಲನ್ನು ಪಾಕೆಟ್‌ಗೆ ಹಾಕುವುದು) ಕೂರುತ್ತದೆ, ಆದರೆ ಕುಶನ್‌ಗೆ (ಟೇಬಲ್ ಬದಿಯ ರಬ್ಬರ್ ಅಂಚಿಗೆ) ಹೊಡೆದು ತರಬೇಕಾದಾಗ ಬರೀ ಅದೃಷ್ಟ. ಅಂದಾಜು ಮಾಡುವುದು ಹೇಗೆ?" ಇದು ಇನ್ನೊಂದು. ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಎರಡನ್ನೂ ಒಂದೇ ಲೇಖನದಲ್ಲಿ ತೆಗೆದುಕೊಳ್ಳಲು ಕಾರಣವಿದೆ. ಕುಶನ್ ಹೊಡೆತ ಕಲಿಯಲು ಒಬ್ಬರೇ ಇರುವ ಹೊತ್ತೇ ಸರಿಯಾದ ಹೊತ್ತು. ಎದುರಾಳಿ ಇದ್ದಾಗ ಒಂದು ಹೊಡೆತ ಒಂದೇ ಸಲ ಸಿಗುತ್ತದೆ. ಒಬ್ಬರೇ ಇದ್ದರೆ ಅದೇ ಹೊಡೆತವನ್ನು ಅದೇ ಜಾಗದಿಂದ ಇಪ್ಪತ್ತು ಸಲ ಹೊಡೆಯಬಹುದು, ಬಾಲ್ ಎಲ್ಲಿಗೆ ಬಂತೆಂದು ಗುರುತು ಹಾಕಬಹುದು. ಕುಶನ್ ಹೊಡೆತವನ್ನು ಅಳೆದೇ ಕಲಿಯಬೇಕು; ಬರೀ ಕಣ್ಣಂದಾಜಿನಲ್ಲಿ ವರ್ಷಗಟ್ಟಲೆ ಹೊಡೆದರೂ ಇದು ಕೈಗೆ ಹತ್ತುವುದಿಲ್ಲ.

ಮೊದಲು ಪದಗಳು

ವೈಟ್ ಎಂದರೆ ಕ್ಯೂನಿಂದ, ಅಂದರೆ ಆಡುವ ಕೋಲಿನಿಂದ, ಹೊಡೆಯುವ ಬಿಳಿ ಬಾಲ್. ಪಾಕೆಟ್‌ಗೆ ಹಾಕಬೇಕಾದದ್ದನ್ನು ಇಲ್ಲಿ ಬಣ್ಣದ ಬಾಲ್ ಎನ್ನುತ್ತೇನೆ.

ಬ್ಯಾಂಕ್ ಎಂದರೆ ವೈಟ್ ಹೋಗಿ ಬಣ್ಣದ ಬಾಲ್‌ಗೆ ತಾಗಿ, ಆ ಬಣ್ಣದ ಬಾಲ್ ಕುಶನ್‌ಗೆ ಬಡಿದು ಬಂದು ಪಾಕೆಟ್‌ಗೆ ಬೀಳುವ ಹೊಡೆತ. ಸ್ನೂಕರ್ ಆಡುವವರು ಇದನ್ನೇ ಡಬಲ್ ಎನ್ನುತ್ತಾರೆ. ಕಿಕ್ ಎಂದರೆ ವೈಟ್ ತಾನೇ ಮೊದಲು ಕುಶನ್‌ಗೆ ಬಡಿದು, ಆಮೇಲೆ ಬಣ್ಣದ ಬಾಲ್‌ಗೆ ತಾಗುವುದು. ಎದುರಿಗೆ ಬೇರೆ ಬಾಲ್ ಅಡ್ಡ ನಿಂತು ನೇರ ದಾರಿ ಮುಚ್ಚಿದಾಗ ಬೇಕಾಗುವುದು ಕಿಕ್. ಈ ಎರಡನ್ನು ಒಂದೇ ಎಂದುಕೊಳ್ಳುವವರು ಬಹಳ ಮಂದಿ. ಹಾಗಲ್ಲ: ಕಿಕ್‌ನಲ್ಲಿ ಕುಶನ್‌ಗೆ ಹೋಗುವ ಬಾಲ್ ನಿಮ್ಮ ಕ್ಯೂನ ನೇರ ಹಿಡಿತದಲ್ಲಿರುತ್ತದೆ, ಬ್ಯಾಂಕ್‌ನಲ್ಲಿ ಇನ್ನೊಂದು ಬಾಲ್‌ನ ಮೂಲಕ ಹೋಗುತ್ತದೆ. ಆದ್ದರಿಂದ ಕಿಕ್ ಮೊದಲು ಕಲಿಯಿರಿ.

ಡೈಮಂಡ್ ಎಂದರೆ ಟೇಬಲ್‌ನ ಮರದ ಅಂಚಿನಲ್ಲಿ ಕೂರಿಸಿರುವ ಚುಕ್ಕಿಗಳು. ಅವು ಅಲಂಕಾರಕ್ಕಿಲ್ಲ, ಅಳತೆಗಿವೆ. ಒಂದು ಉದ್ದ ಬದಿಯಲ್ಲಿ ಮೂಲೆಯಿಂದ ನಡು ಪಾಕೆಟ್‌ವರೆಗೆ 3, ಅಲ್ಲಿಂದ ಇನ್ನೊಂದು ಮೂಲೆಗೆ 3, ಅಡ್ಡ ಬದಿಗಳಲ್ಲಿ ಮೂರು ಮೂರು, ಒಟ್ಟು 18. ಎಣಿಸುವಾಗ ಮೂಲೆ 0, ನಡು ಪಾಕೆಟ್ 4, ಆಚೆ ಮೂಲೆ 8. ಅಡ್ಡಕ್ಕೆ ಟೇಬಲ್‌ನ ಅಗಲ 4. 9 ಅಡಿ ಟೇಬಲ್‌ನಲ್ಲಿ ಆಡುವ ಜಾಗ 100 ಇಂಚು ಉದ್ದ, 50 ಇಂಚು ಅಗಲ. ಹಾಗಾಗಿ ಎರಡು ಡೈಮಂಡ್‌ಗಳ ನಡುವೆ 12.5 ಇಂಚು. 88 ಇಂಚು ಉದ್ದ ಆಡುವ 8 ಅಡಿ ಟೇಬಲ್‌ನಲ್ಲಿ 11 ಇಂಚು. ಉದ್ದ ಅಗಲದ ಎರಡರಷ್ಟಿರುವುದರಿಂದ ಮುಂದಿನ ಲೆಕ್ಕಗಳು ಎರಡೂ ಟೇಬಲ್‌ಗೆ ಹೊಂದುತ್ತವೆ.

ಶಾರ್ಟ್, ಲಾಂಗ್ ಎಂಬ ಎರಡು ಮಾತು ಲೇಖನದುದ್ದಕ್ಕೂ ಬರುತ್ತವೆ. ಕುಶನ್‌ಗೆ ಬಡಿದ ಬಾಲ್ ಲೆಕ್ಕಕ್ಕಿಂತ ಕಡಿಮೆ ಅಗಲಿಸಿ ಬೇಗ ಹಿಂದಿರುಗಿದರೆ ಶಾರ್ಟ್ ಬಂತು. ಲೆಕ್ಕಕ್ಕಿಂತ ಹೆಚ್ಚು ಅಗಲಿಸಿ ಮುಂದಕ್ಕೆ ಓಡಿದರೆ ಲಾಂಗ್ ಹೋಯಿತು.

ಏನೇನು ಬೇಕು

ಒಂದು ಟೇಬಲ್, ಒಂದು ಗಂಟೆ, ಒಂದು ಚಿಕ್ಕ ನೋಟ್‌ಬುಕ್, ಪೆನ್ಸಿಲ್, ಎರಡು ಮೂರು ಚಾಕ್ ತುಂಡು, ಬಾಲ್ ಒರೆಸಲು ಒಣ ಬಟ್ಟೆ. ಫೈಲ್ ಹಾಳೆಯ ತೂತಿಗೆ ಅಂಟಿಸುವ ಉಂಗುರದ ಸ್ಟಿಕ್ಕರ್ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ. ಬಾಲ್ ಇಡುವ ಜಾಗಕ್ಕೆ ಒಂದು ಉಂಗುರ ಅಂಟಿಸಿದರೆ ಪ್ರತಿ ಸಲ ಅದೇ ಜಾಗಕ್ಕೆ ಇಡಬಹುದು. ಟೇಬಲ್‌ನ ಬಟ್ಟೆಗೆ ಅಂಟಿಸುವ ಮುನ್ನ ಪೂಲ್ ಪಾರ್ಲರ್‌ನವರನ್ನು ಕೇಳಿ, ಮುಗಿದ ಮೇಲೆ ನೀವೇ ಕಿತ್ತು ತೆಗೆಯಿರಿ. ಚಾಕ್‌ನಿಂದ ಬಟ್ಟೆಯ ಮೇಲೆ ಗೀಚಬೇಡಿ.

ವಾರದ ದಿನ ಬೆಳಗ್ಗೆ ಹೋಗಿ. ಶನಿವಾರ ಸಂಜೆ ಪಕ್ಕದ ಟೇಬಲ್‌ನವರ ಕ್ಯೂ ನಿಮ್ಮ ಬೆನ್ನಿಗೆ ತಾಗುತ್ತಿರುವಾಗ ಅಳತೆ ಸಾಧ್ಯವಿಲ್ಲ. ಫ್ರೇಮ್ (ಒಂದೊಂದು ಆಟದ) ಲೆಕ್ಕಕ್ಕಿಂತ ಗಂಟೆ ಲೆಕ್ಕಕ್ಕೆ ಟೇಬಲ್ ಕೇಳಿ. ಸಾಧ್ಯವಾದರೆ ಪ್ರತಿ ಸಲ ಒಂದೇ ಟೇಬಲ್ ಹಿಡಿಯಿರಿ. ಕಾರಣ ಮುಂದೆ ತಿಳಿಯುತ್ತದೆ.

ಶುರು ಮಾಡುವ ಮೊದಲು ಬಾಲ್‌ಗಳನ್ನು ಒರೆಸಿ. ಎಣ್ಣೆಗೈ, ಚಾಕ್ ಪುಡಿ ಹತ್ತಿದ ಬಾಲ್ ಕುಶನ್‌ಗೆ ಬೇರೆಯೇ ರೀತಿ ಹಿಡಿದುಕೊಳ್ಳುತ್ತದೆ. ಆಮೇಲೆ ವೈಟನ್ನು ಮೆಲ್ಲಗೆ ಟೇಬಲ್‌ನ ಉದ್ದಕ್ಕೂ ಎರಡು ಮೂರು ಕಡೆ ಉರುಳಿಸಿ ನೋಡಿ. ಕೊನೆಯಲ್ಲಿ ಒಂದು ಬದಿಗೆ ವಾಲಿದರೆ ಟೇಬಲ್ ಮಟ್ಟವಾಗಿಲ್ಲ. ಅದನ್ನು ನೋಟ್‌ಬುಕ್ಕಿನ ಮೊದಲ ಸಾಲಾಗಿ ಬರೆಯಿರಿ.

ಹಂತ 1: ವೇಗವನ್ನು ಕಟ್ಟಿಹಾಕಿ

ಹೆಚ್ಚಿನವರು ಈ ಹಂತ ಬಿಟ್ಟು ನೇರ ಬ್ಯಾಂಕ್‌ಗೆ ಹೋಗುತ್ತಾರೆ, ಆಮೇಲೆ ಕೋನ ತಪ್ಪುತ್ತಿದೆ ಎಂದು ಕೋನವನ್ನೇ ತಿದ್ದುತ್ತಾ ಕೂರುತ್ತಾರೆ. ತಪ್ಪು ಕೋನದ್ದಲ್ಲ. ಅದೇ ಗುರಿಗೆ ಮೆಲ್ಲಗೆ ಹೊಡೆದರೆ ಒಂದು ಕಡೆ, ಜೋರಾಗಿ ಹೊಡೆದರೆ ಇನ್ನೊಂದು ಕಡೆ ಬಾಲ್ ಬರುತ್ತದೆ. ವೇಗ ಒಂದೇ ಇಲ್ಲದಿದ್ದರೆ ಯಾವ ಅಳತೆಗೂ ಬೆಲೆಯಿಲ್ಲ.

ಮೂರು ವೇಗ ಸಾಕು. ವೈಟನ್ನು ಒಂದು ಅಡ್ಡ ಕುಶನ್ ಹತ್ತಿರ ಇಡಿ. ಹೊಡೆದಾಗ ಎದುರು ಕುಶನ್‌ವರೆಗೆ ಹೋಗಿ ಅಲ್ಲೇ ನಿಂತರೆ ಅದು "ಒಂದು ಉದ್ದ". ಹೋಗಿ ಬಡಿದು, ಹಿಂದಿರುಗಿ ನಿಮ್ಮ ಕಡೆಯ ಕುಶನ್ ಹತ್ತಿರ ನಿಂತರೆ "ಎರಡು ಉದ್ದ". ಪಂದ್ಯದ ಆರಂಭದಲ್ಲಿ ಯಾರು ಮೊದಲು ಆಡುವುದೆಂದು ನಿರ್ಧರಿಸಲು ಹೊಡೆಯುವ ಲ್ಯಾಗ್ ಇದೇ. ಹೋಗಿ, ಬಂದು, ಮತ್ತೆ ಎದುರು ಕುಶನ್ ತಲುಪಿದರೆ "ಮೂರು ಉದ್ದ".

ಎರಡು ಉದ್ದದ ವೇಗಕ್ಕೆ ಹೆಚ್ಚು ಹೊತ್ತು ಕೊಡಿ. ಹತ್ತು ಸಲ ಹೊಡೆಯಿರಿ. ನಿಮ್ಮ ಕಡೆಯ ಕುಶನ್‌ನಿಂದ ಅರ್ಧ ಡೈಮಂಡ್ ಒಳಗೆ ಎಷ್ಟು ಸಲ ನಿಂತಿತು? ಏಳು ಸಲ ನಿಲ್ಲುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ. ಒಂದು ದಿನದಲ್ಲಿ ಆಗದಿದ್ದರೆ ಎರಡು ದಿನ ಆಗಲಿ.

ತೋಳಿನ ಬಲದಿಂದ ವೇಗ ಬದಲಿಸಬೇಡಿ. ಕ್ಯೂ ಹಿಂದಕ್ಕೆಳೆಯುವ ದೂರ ಬದಲಿಸಿ, ಮುಂದಕ್ಕೆ ತರುವ ಲಯ ಒಂದೇ ಇರಲಿ.

ಹಂತ 2: ನಟ್ಟನಡುವೆ ಹೊಡೆಯುತ್ತಿದ್ದೀರಾ?

ವೈಟ್‌ನ ನಡುವಿನಿಂದ ಎಡಕ್ಕೋ ಬಲಕ್ಕೋ ಸ್ವಲ್ಪ ತಪ್ಪಿ ಹೊಡೆದರೂ ಬಾಲ್ ಬುಗುರಿಯಂತೆ ಸುತ್ತುತ್ತದೆ. ಇದನ್ನು ಸೈಡ್ ಎನ್ನುತ್ತಾರೆ. ನೇರ ಪಾಟ್‌ನಲ್ಲಿ ಗೊತ್ತೇ ಆಗದ ಸೈಡ್ ಕುಶನ್ ತಾಗಿದ ಕೂಡಲೇ ಬಯಲಾಗುತ್ತದೆ.

ವೈಟನ್ನು ಟೇಬಲ್‌ನ ಅಗಲದ ನಡುವೆ ಇಟ್ಟು, ಎದುರಿನ ಅಡ್ಡ ಬದಿಯ ನಡು ಡೈಮಂಡ್‌ಗೆ ನೇರ ಹೊಡೆಯಿರಿ. ಹೊಡೆದ ಮೇಲೆ ಕ್ಯೂ ಅಲ್ಲಾಡಿಸದೆ ಹಾಗೇ ಹಿಡಿದು ನಿಲ್ಲಿ. ವೈಟ್ ಹಿಂದಿರುಗಿ ನಿಮ್ಮ ಟಿಪ್‌ಗೇ, ಅಂದರೆ ಕ್ಯೂನ ತುದಿಗೇ, ಬಡಿಯಬೇಕು. ಬಲಕ್ಕೆ ಬಂದರೆ ಬಲದ ಸೈಡ್ ಕೊಟ್ಟಿದ್ದೀರಿ, ಎಡಕ್ಕೆ ಬಂದರೆ ಎಡದ್ದು.

ಇನ್ನೂ ಸ್ಪಷ್ಟವಾಗಿ ನೋಡಬೇಕೇ? ವೈಟ್ ಬದಲು ಪಟ್ಟೆಯ ಬಾಲ್ ಒಂದನ್ನು ಇಡಿ, 9ರಿಂದ 15ರೊಳಗಿನ ಯಾವುದಾದರೂ ಆದೀತು. ಪಟ್ಟೆ ನೆಟ್ಟಗೆ ನಿಂತು ಗುರಿಯ ಕಡೆ ಮುಖ ಮಾಡಿರಲಿ. ನಡುವೆ ಹೊಡೆದಿದ್ದರೆ ಪಟ್ಟೆ ಗಾಡಿ ಚಕ್ರದಂತೆ ನೇರ ಉರುಳುತ್ತದೆ, ಸೈಡ್ ಸೇರಿದ್ದರೆ ಓಲಾಡುತ್ತದೆ. ನಿಮ್ಮ ಟಿಪ್ ಎಲ್ಲಿ ತಾಗಿತೆಂದು ಬಾಲ್ ಮೇಲಿನ ಚಾಕ್ ಚುಕ್ಕಿಯೂ ತೋರಿಸಿಬಿಡುತ್ತದೆ. ಒಬ್ಬರೇ ಅಭ್ಯಾಸ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ನನಗೆ ಗೊತ್ತಿಲ್ಲ.

ಹಂತ 3: ಒಂದು ಕುಶನ್ ಕಿಕ್, ನಿಮ್ಮ ಟೇಬಲ್‌ನ ಸ್ವಭಾವ ಅಳೆಯುವುದು

ಕನ್ನಡಿಯ ನಿಯಮ ಶಾಲೆಯಲ್ಲಿ ಓದಿದ್ದೇ: ಬೆಳಕು ಬಂದ ಕೋನದಲ್ಲೇ ಹಿಂದಿರುಗುತ್ತದೆ. ಬಾಲ್‌ಗೂ ಅದೇ ಆರಂಭದ ಲೆಕ್ಕ. ಉದ್ದ ಬದಿಯ ಮುಂದೆ ನಿಂತುಕೊಳ್ಳಿ, ನಿಮ್ಮ ಬಲಗೈ ಕಡೆಯ ಮೂಲೆ 0. ನಿಮ್ಮ ಕಡೆ 2ನೇ ಡೈಮಂಡ್‌ನಿಂದ ಎದುರಿನ 1ಕ್ಕೆ ಒಂದು ಗೆರೆ ಊಹಿಸಿ. ವೈಟ್ ಆ ಗೆರೆಯ ಮೇಲೆ, ನಿಮ್ಮ ಕಡೆಯ ಕುಶನ್‌ನಿಂದ ಒಂದು ಗೇಣು ಮುಂದೆ ಇರಲಿ. ಎರಡು ಉದ್ದದ ವೇಗದಲ್ಲಿ, ಸೈಡ್ ಇಲ್ಲದೆ, ವೈಟ್‌ನ ನಡುವಿಗಿಂತ ತುಸು ಮೇಲೆ ಹೊಡೆಯಿರಿ. ಕನ್ನಡಿಯ ಲೆಕ್ಕದಂತೆ ಬಾಲ್ ನಿಮ್ಮ ಬಲ ಮೂಲೆಯ ಪಾಕೆಟ್‌ಗೆ ಬರಬೇಕು. ಎದುರಿನ ಅಂಕಿ ನಿಮ್ಮ ಕಡೆಯ ಅಂಕಿಯ ಅರ್ಧ, ಅಷ್ಟೇ ಸೂತ್ರ. 3ರಿಂದ 1.5ಕ್ಕೆ, 4ರಿಂದ 2ಕ್ಕೆ, 5ರಿಂದ 2.5ಕ್ಕೆ, 6ರಿಂದ 3ಕ್ಕೆ.

ಒಂದೊಂದನ್ನೂ ಐದು ಸಲ ಹೊಡೆಯಿರಿ, ಬಾಲ್ ಬಂದು ತಾಗಿದ ಕಡೆ ಅಂಚಿನ ಮೇಲೆ ಚಾಕ್ ತುಂಡಿಡಿ. ಮೂಲೆಗೆ ಮುಂಚೆ ಉದ್ದ ಬದಿಗೇ ತಾಗಿದರೆ ಶಾರ್ಟ್, ಮೂಲೆ ದಾಟಿ ಅಡ್ಡ ಬದಿಗೆ ತಾಗಿದರೆ ಲಾಂಗ್. "4–2: ಮೂರನೇ ಒಂದು ಡೈಮಂಡ್ ಶಾರ್ಟ್" ಎಂಬಂತೆ ಬರೆದುಕೊಳ್ಳಿ. ಕೋನ ಹರಿತವಾಗಿರುವ 2–1ಕ್ಕಿಂತ ಅಗಲವಾಗಿರುವ 6–3ರಲ್ಲಿ ವ್ಯತ್ಯಾಸ ಹೆಚ್ಚು ಕಾಣುತ್ತದೆ.

ಇನ್ನು ತಿದ್ದುವುದು. ಬಾಲ್ ಬಂದು ತಾಗಿದ ಜಾಗ ಎಷ್ಟು ತಪ್ಪಿದೆಯೋ ಅದರ ಅರ್ಧದಷ್ಟು ಮಾತ್ರ ಗುರಿ ಸರಿಸಿ. ಅರ್ಧ ಡೈಮಂಡ್ ಶಾರ್ಟ್ ಬಂದರೆ ಎದುರಿನ ಗುರಿಯನ್ನು ಕಾಲು ಡೈಮಂಡ್ ಮೂಲೆಯ ಕಡೆಗೆ ಒಯ್ಯಿರಿ. ಗುರಿ ಸರಿಸಿದಾಗ ಹೋಗುವ ದಾರಿಯೂ ಬರುವ ದಾರಿಯೂ ಎರಡೂ ಸರಿಯುವುದರಿಂದ ಫಲ ಇಮ್ಮಡಿಯಾಗುತ್ತದೆ. ಇದು ಗೊತ್ತಿಲ್ಲದೆ ಪೂರ್ತಿ ತಿದ್ದಿಬಿಟ್ಟು, ಮುಂದಿನ ಹೊಡೆತ ಆಚೆ ಬದಿಗೆ ತಪ್ಪಿ, ಮತ್ತೆ ಈಚೆಗೆ ಎಳೆಯುವವರೇ ಹೆಚ್ಚು.

ಕನ್ನಡಿಯ ಲೆಕ್ಕ ಯಾಕೆ ತಪ್ಪುತ್ತದೆ ಎಂಬುದನ್ನು ತಿಳಿದುಕೊಂಡರೆ ಮುಂದೆ ಎಲ್ಲ ಸುಲಭ. ಕುಶನ್ ರಬ್ಬರು, ಬಾಲ್ ಅದರೊಳಕ್ಕೆ ಒತ್ತಿ, ಸ್ವಲ್ಪ ವೇಗ ಕಳೆದುಕೊಂಡು ಹೊರಬರುತ್ತದೆ. ಜೊತೆಗೆ ಬಾಲ್ ಉರುಳುತ್ತಾ ಬಂದಿದ್ದರೆ, ಬಡಿದ ಮೇಲೂ ಅದರ ಉರುಳು ಕುಶನ್ ಕಡೆಗೇ ಇರುತ್ತದೆ. ಆ ಉರುಳು ಬಾಲನ್ನು ಹಿಂದಕ್ಕೆ ಜಗ್ಗುತ್ತಾ ದಾರಿಯನ್ನು ಬಾಗಿಸುತ್ತದೆ, ಬಾಲ್ ಲಾಂಗ್ ಹೋಗುತ್ತದೆ. ಜೋರಾಗಿ ಹೊಡೆದ ಬಾಲ್ ಇನ್ನೂ ಉರುಳಲು ಶುರುಮಾಡದೆ ಜಾರುತ್ತಲೇ ಕುಶನ್ ತಲುಪುತ್ತದೆ, ರಬ್ಬರನ್ನೂ ಹೆಚ್ಚು ಒತ್ತುತ್ತದೆ. ಅದು ಶಾರ್ಟ್ ಬರುತ್ತದೆ. 4–2ರ ಗೆರೆಯ ಮೇಲೆ ಒಮ್ಮೆ ಬರೀ ಮೂಲೆ ತಲುಪುವಷ್ಟು ಮೆಲ್ಲಗೆ, ಒಮ್ಮೆ ಮೂರು ಉದ್ದದಲ್ಲಿ ಹೊಡೆದು ಎರಡೂ ಗುರುತು ಹೋಲಿಸಿ. ಈ ಒಂದು ಪ್ರಯೋಗ ಮಾಡಿದವರು ಹಂತ 1ನ್ನು ಮತ್ತೆಂದೂ ಬಿಡುವುದಿಲ್ಲ.

ಕೇರಂ ಆಡಿ ಬೆಳೆದ ನಮ್ಮಲ್ಲಿ ಬಹಳ ಮಂದಿಗೆ ಇಲ್ಲೊಂದು ತೊಡಕಿದೆ. ಕೇರಂನ ಸ್ಟ್ರೈಕರ್ ಚಪ್ಪಟೆ, ಅದು ಯಾವಾಗಲೂ ಜಾರುತ್ತದೆ, ಉರುಳುವುದೇ ಇಲ್ಲ. ರಿಬೌಂಡ್‌ನಲ್ಲಿ ಪಳಗಿದ ಕಣ್ಣು ಪೂಲ್ ಟೇಬಲ್‌ನಲ್ಲೂ ಅದೇ ಕೋನ ನಿರೀಕ್ಷಿಸುತ್ತದೆ. ಮೆಲ್ಲನೆಯ ಕಿಕ್ ಅಂಥವರಿಗೆ ಯಾವಾಗಲೂ ಲಾಂಗ್ ಅನ್ನಿಸುತ್ತದೆ.

*ಎಚ್ಚರ: ಗುರಿ ಇಡುವುದು ಡೈಮಂಡ್‌ಗೋ ಕುಶನ್‌ಗೋ?* ಡೈಮಂಡ್ ಇರುವುದು ಕುಶನ್‌ನ ಮೂಗಿನಲ್ಲಲ್ಲ, ಅಂದರೆ ಬಾಲ್ ತಾಗುವ ರಬ್ಬರಿನ ತುದಿಯಲ್ಲಲ್ಲ. ಅಲ್ಲಿಂದ ಸುಮಾರು 9.4 ಸೆಂ.ಮೀ. ಹಿಂದೆ, ಮರದ ಮೇಲೆ. ಓರೆಯಾಗಿ ಹೋಗುವ ಬಾಲ್ ಡೈಮಂಡ್‌ನ ನೇರಕ್ಕೆ ಬರುವ ಮೊದಲೇ ಕುಶನ್ ತಾಗುತ್ತದೆ. ಅದಲ್ಲದೆ ಬಾಲ್‌ನ ವ್ಯಾಸ 57.15 ಮಿ.ಮೀ., ಆದ್ದರಿಂದ ಅದರ ನಡು ಮೂಗಿನಿಂದ ಸುಮಾರು 2.9 ಸೆಂ.ಮೀ. ಈಚೆಗೇ ತಿರುಗಿಬಿಡುತ್ತದೆ. ಡೈಮಂಡ್‌ಗೇ ಗುರಿಯಿಡಿ ಅಥವಾ ಅದರ ನೇರದ ಮೂಗಿಗೆ ಗುರಿಯಿಡಿ, ಎರಡೂ ನಡೆಯುತ್ತದೆ. ಇವತ್ತು ಒಂದು, ನಾಳೆ ಇನ್ನೊಂದು ಮಾಡಿದರೆ ಮಾತ್ರ ನೋಟ್‌ಬುಕ್ ಹಾಳು. ಮೆಲ್ಲನೆಯ ಕಿಕ್‌ಗೆ ನಾನು ಡೈಮಂಡ್‌ಗೇ ಗುರಿಯಿಡುತ್ತೇನೆ. ಉರುಳುವ ಬಾಲ್ ಲಾಂಗ್ ಹೋಗುವ ಪ್ರಮಾಣವೂ, ಮೊದಲೇ ತಾಗಿ ಶಾರ್ಟ್ ಆಗುವ ಪ್ರಮಾಣವೂ ಒಂದನ್ನೊಂದು ಬಹುಪಾಲು ಸರಿದೂಗಿಸುತ್ತವೆ.

ಹಂತ 4: ಎಲ್ಲಿಂದಾದರೂ ಎಲ್ಲಿಗಾದರೂ, ಕತ್ತರಿ ಗೆರೆ

ಆಟದಲ್ಲಿ ಬಾಲ್‌ಗಳು ಡೈಮಂಡ್ ನೋಡಿ ನಿಲ್ಲುವುದಿಲ್ಲ. ವೈಟ್ ಕುಶನ್‌ನಿಂದ ಒಂದು ದೂರದಲ್ಲಿ, ಬಣ್ಣದ ಬಾಲ್ ಇನ್ನೊಂದು ದೂರದಲ್ಲಿ ಇರುತ್ತವೆ. ಆಗ ಹೀಗೆ ಮಾಡಿ.

ವೈಟ್‌ನಿಂದ ಕುಶನ್‌ಗೆ ನೇರ ಲಂಬವಾಗಿ ಇಳಿದರೆ ಸಿಗುವ ಜಾಗ "ಅ" ಎನ್ನೋಣ. ಬಣ್ಣದ ಬಾಲ್‌ನಿಂದ ಹಾಗೇ ಇಳಿದರೆ ಸಿಗುವ ಜಾಗ "ಬ". ಈಗ ವೈಟ್‌ನಿಂದ "ಬ"ಗೆ ಒಂದು ಗೆರೆ, ಬಣ್ಣದ ಬಾಲ್‌ನಿಂದ "ಅ"ಗೆ ಇನ್ನೊಂದು ಗೆರೆ ಊಹಿಸಿ. ಎರಡೂ ಕತ್ತರಿಯಂತೆ ಒಂದು ಕಡೆ ಹಾಯುತ್ತವೆ. ಆ ಕೂಡುವ ಜಾಗದ ನೇರಕ್ಕೆ ಕುಶನ್ ಮೇಲೆ ಎಲ್ಲಿ ಬರುತ್ತದೋ ಅದೇ ನಿಮ್ಮ ಗುರಿ. ಕಲಿಯುವಾಗ ಎರಡು ಕ್ಯೂಗಳನ್ನು ಟೇಬಲ್ ಮೇಲೆ ಅಡ್ಡ ಇಟ್ಟು ನೋಡಿ. ಪಂದ್ಯದಲ್ಲಿ ಹಾಗೆ ಮಾಡುವಂತಿಲ್ಲ, ಒಬ್ಬರೇ ಇರುವಾಗ ಯಾರ ಅಡ್ಡಿಯೂ ಇಲ್ಲ. ಇಪ್ಪತ್ತು ಸಲ ಇಟ್ಟು ನೋಡಿದ ಮೇಲೆ ಕಣ್ಣಿಗೇ ಗೆರೆ ಕಾಣತೊಡಗುತ್ತದೆ. ಈ ಗೆರೆ ಕನ್ನಡಿಯ ಲೆಕ್ಕ ಮಾತ್ರ ಕೊಡುತ್ತದೆ. ಹಂತ 3ರಲ್ಲಿ ಬರೆದ ತಿದ್ದುಪಡಿಯನ್ನು ಅದರ ಮೇಲೆ ಸೇರಿಸಬೇಕು.

ಕಿಕ್ ಎಂದರೆ ಹೆದರುವವರಿಗೆ ಒಂದು ಅಳತೆ ಧೈರ್ಯ ಕೊಡುತ್ತದೆ. ಬಣ್ಣದ ಬಾಲ್‌ಗೆ ತಾಗಲು ವೈಟ್‌ನ ನಡು ಅದರ ಎಡಕ್ಕೆ ಒಂದು ಬಾಲ್, ಬಲಕ್ಕೆ ಒಂದು ಬಾಲ್ ಅಗಲದೊಳಗೆ ಎಲ್ಲಿ ಹಾಯ್ದರೂ ಸಾಕು. ಅಂದರೆ ಗುರಿಯ ಅಗಲ 11 ಸೆಂ.ಮೀ.ಗೂ ಮೇಲೆ. ಬಣ್ಣದ ಬಾಲ್ ಕುಶನ್‌ನಿಂದ ಸ್ವಲ್ಪವೇ ದೂರವಿದ್ದರೆ ಇನ್ನೂ ದೊಡ್ಡದು, ಪಕ್ಕ ತಪ್ಪಿದ ವೈಟ್ ಆ ಕುಶನ್‌ಗೆ ಬಡಿದು ಬಂದೂ ತಾಗಬಹುದು.

ತಾಗಿದರೆ ಮಾತ್ರ ಸಾಲದು. ಪೂಲ್‌ನ 8-ಬಾಲ್, 9-ಬಾಲ್ ಎಂಬ ಎರಡು ಆಟಗಳ ನಿಯಮದಲ್ಲೂ, ತಾಗಿದ ಮೇಲೆ ಯಾವುದಾದರೂ ಬಾಲ್ ಪಾಕೆಟ್‌ಗೆ ಬೀಳಬೇಕು ಅಥವಾ ಯಾವುದಾದರೂ ಒಂದು ಕುಶನ್ ಮುಟ್ಟಬೇಕು. ಇಲ್ಲದಿದ್ದರೆ ಫೌಲ್, ಎದುರಾಳಿಗೆ ವೈಟ್ ಕೈಗೆ ಸಿಗುತ್ತದೆ, ಅಂದರೆ ಬೇಕಾದಲ್ಲಿಟ್ಟು ಹೊಡೆಯಬಹುದು. ಹಾಗಾಗಿ ಅಭ್ಯಾಸದಲ್ಲೂ ಅಷ್ಟಾದರೆ ಮಾತ್ರ ಒಂದು ಅಂಕ ಕೊಟ್ಟುಕೊಳ್ಳಿ. ಬಣ್ಣದ ಬಾಲನ್ನು ಬೇರೆ ಬೇರೆ ಐದು ಜಾಗದಲ್ಲಿಟ್ಟು, ನಡುವೆ ಎರಡು ಬಾಲ್ ಅಡ್ಡ ನಿಲ್ಲಿಸಿ, ಹತ್ತಕ್ಕೆ ಎಷ್ಟು ಎಂದು ಲೆಕ್ಕವಿಡಿ.

ಹಂತ 5: ಬ್ಯಾಂಕ್

ಶುರುವಿಗೆ ಕಟ್ ಇಲ್ಲದ ಬ್ಯಾಂಕ್ ಮಾತ್ರ. ಕಟ್ ಎಂದರೆ ಬಣ್ಣದ ಬಾಲ್‌ನ ಪಕ್ಕಕ್ಕೆ ತಾಗಿಸಿ ಓರೆಯಾಗಿ ಕಳಿಸುವುದು. ಅದು ಹೊಸ ತೊಡಕು ತರುವುದರಿಂದ ಮೊದಲು ವೈಟನ್ನು ಬಣ್ಣದ ಬಾಲ್‌ನ ಹಿಂದೆ, ಅದು ಹೋಗಬೇಕಾದ ಗೆರೆಯ ಮೇಲೇ ಇಡಿ.

ಒಂದು ಲೆಕ್ಕ ಮಾಡೋಣ. ಬಣ್ಣದ ಬಾಲ್ ಟೇಬಲ್‌ನ ಅಗಲದ ನಡುವೆ ಇದೆ; ಎದುರಿನ ಉದ್ದ ಕುಶನ್‌ಗೆ 2 ಡೈಮಂಡ್ ದೂರ. ಅಲ್ಲಿ ಬಡಿದು ನಿಮ್ಮ ಕಡೆಯ ನಡು ಪಾಕೆಟ್‌ಗೆ ಬರಬೇಕು; ಪಾಕೆಟ್‌ನಿಂದ ಆ ಕುಶನ್‌ಗೆ 4 ಡೈಮಂಡ್. ಟೇಬಲ್‌ನ ಉದ್ದದ ದಿಕ್ಕಿನಲ್ಲಿ ಬಾಲ್‌ಗೂ ಪಾಕೆಟ್‌ಗೂ ನಡುವೆ ಒಂದೂವರೆ ಡೈಮಂಡ್. ಬಾಲ್‌ನ ದೂರ 2, ಎರಡೂ ದೂರ ಕೂಡಿದರೆ 6. 6ರಲ್ಲಿ 2 ಅಂದರೆ ಮೂರನೇ ಒಂದು ಭಾಗ. ಒಂದೂವರೆಯ ಮೂರನೇ ಒಂದು ಭಾಗ ಅರ್ಧ. ಬಾಲ್‌ನ ನೇರದಿಂದ ಪಾಕೆಟ್ ಕಡೆಗೆ ಅರ್ಧ ಡೈಮಂಡ್ ಸರಿದ ಜಾಗವೇ ಗುರಿ. ಕತ್ತರಿ ಗೆರೆ ಎಳೆದು ನೋಡಿದರೂ ಅಲ್ಲಿಗೇ ಬರುತ್ತದೆ. ಹತ್ತು ಸಲ ಹೊಡೆದು ಶಾರ್ಟೋ ಲಾಂಗೋ ಬರೆಯಿರಿ.

ಬ್ಯಾಂಕ್‌ಗೆ ಮೂರು ಉದ್ದದ ವೇಗ ಇಟ್ಟುಕೊಳ್ಳಿ ಎನ್ನುತ್ತೇನೆ. ಗಟ್ಟಿಯಾಗಿ ಹೊಡೆದಾಗ ಬಣ್ಣದ ಬಾಲ್ ಉರುಳಲು ಹಿಡಿಯುವ ಮೊದಲೇ ಕುಶನ್ ತಲುಪುತ್ತದೆ, ಆಗ ಉರುಳಿನ ಬಾಗು ಕಡಿಮೆ. ಶಾರ್ಟ್ ಬಂದರೂ ಪ್ರತಿ ಸಲ ಅಷ್ಟೇ ಶಾರ್ಟ್ ಬರುತ್ತದೆ, ಅದೇ ಬೇಕಾದದ್ದು. ಮೆಲ್ಲಗೆ ಹೊಡೆದರೆ ಪಾಕೆಟ್ ಬಾಯಿ ಹೆಚ್ಚು ಉದಾರವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ ನಿಜ, ಆದರೆ ದೂರ ಹೆಚ್ಚಿದಂತೆ ಬಾಲ್ ಎಲ್ಲಿ ಉರುಳತೊಡಗಿತೆಂದು ಹೇಳುವುದು ಕಷ್ಟ.

ಕಟ್ ಬ್ಯಾಂಕ್ ಆಮೇಲೆ. ವೈಟ್ ಬಣ್ಣದ ಬಾಲ್‌ನ ಪಕ್ಕ ಉಜ್ಜಿಕೊಂಡು ಹೋಗುವಾಗ, ಗಡಿಯಾರದೊಳಗೆ ಹಲ್ಲುಚಕ್ರ ಇನ್ನೊಂದನ್ನು ತಿರುಗಿಸುವಂತೆ ಅದಕ್ಕೆ ಸ್ವಲ್ಪ ಸುತ್ತು ಕೊಡುತ್ತದೆ. ಬಾಲನ್ನು ಎಡಕ್ಕೆ ಕಟ್ ಮಾಡಿದರೆ, ಕುಶನ್ ಕಡೆ ಮುಖ ಮಾಡಿ ನಿಂತ ನಿಮಗೆ ಅದು ಬಡಿದ ಮೇಲೆ ಬಲಕ್ಕೆ ವಾಲಿದಂತೆ ಕಾಣುತ್ತದೆ. ಬಲಕ್ಕೆ ಕಟ್ ಮಾಡಿದರೆ ಎಡಕ್ಕೆ. ಶಾರ್ಟ್ ಆಗುತ್ತದೋ ಲಾಂಗ್ ಆಗುತ್ತದೋ ಎಂಬುದು ನಿಮ್ಮ ಪಾಕೆಟ್ ಯಾವ ಕಡೆಗಿದೆ ಎಂಬುದರ ಮೇಲೆ ನಿಂತಿದೆ. ಆದ್ದರಿಂದ ಒಂದೇ ಬ್ಯಾಂಕನ್ನು ವೈಟ್ ಎಡಕ್ಕಿಟ್ಟು ಐದು ಸಲ, ನೇರ ಇಟ್ಟು ಐದು ಸಲ, ಬಲಕ್ಕಿಟ್ಟು ಐದು ಸಲ ಹೊಡೆದು ಹೋಲಿಸಿ.

*ಎಚ್ಚರ: ಮರುಡಿಕ್ಕಿ.* ಬಣ್ಣದ ಬಾಲ್ ಕುಶನ್‌ಗೆ ಬಡಿದು ಹಿಂದಿರುಗುವಾಗ ವೈಟ್ ದಾರಿಯಲ್ಲೇ ನಿಂತಿದ್ದರೆ ಎರಡೂ ಮತ್ತೆ ಡಿಕ್ಕಿಯಾಗುತ್ತವೆ. ಬಣ್ಣದ ಬಾಲ್ ಕುಶನ್‌ಗೆ ಹತ್ತಿರವಿದ್ದು ಕೋನ ನೇರವಾಗಿದ್ದಷ್ಟೂ ಈ ಅಪಾಯ ಜಾಸ್ತಿ. ಕೋನ ಸರಿಯಾಗಿದ್ದೂ ಬಾಲ್ ಎಲ್ಲೋ ಹೋಯಿತು ಎನ್ನುವವರು ಮೊದಲು ಇದನ್ನು ನೋಡಬೇಕು. ಹೊಡೆಯುವ ಮುನ್ನ ಬಣ್ಣದ ಬಾಲ್ ಬರುವ ದಾರಿ ಒಂದು, ವೈಟ್ ಹೋಗುವ ದಾರಿ ಒಂದು, ಎರಡನ್ನೂ ಕಣ್ಣಲ್ಲೇ ನಡೆದು ನೋಡಿ.

ಹಂತ 6: ಎರಡು ಕುಶನ್ ಕಿಕ್

ಮೂಲೆಯ ಹತ್ತಿರದ ಎರಡು ಕುಶನ್‌ಗಳಿಗೆ ಒಂದಾದ ಮೇಲೊಂದು ಬಡಿದು ಬರುವ ಬಾಲ್, ಹೋದ ಗೆರೆಗೆ ಸಮಾನಾಂತರವಾಗಿ ಹಿಂದಿರುಗುತ್ತದೆ. ಇದರಿಂದ ಒಂದು ಚೆಂದದ ಉಪಾಯ ಹುಟ್ಟುತ್ತದೆ. ವೈಟ್‌ಗೂ ಬಣ್ಣದ ಬಾಲ್‌ಗೂ ನಟ್ಟನಡುವಿನ ಜಾಗ ಗುರುತಿಸಿ. ಅಲ್ಲಿಂದ ಮೂಲೆಗೆ ಕ್ಯೂ ಚಾಚಿ ಹಿಡಿಯಿರಿ. ಕ್ಯೂನ ದಿಕ್ಕು ಬದಲಿಸದೆ, ಹಾಗೇ ಪಕ್ಕಕ್ಕೆ ಸರಿಸಿ ವೈಟ್‌ನ ಮೇಲೆ ತನ್ನಿ. ಈಗ ಕ್ಯೂ ತೋರಿಸುವ ಜಾಗವೇ ಮೊದಲ ಕುಶನ್‌ನ ಗುರಿ.

ಇಲ್ಲಿ ಸ್ವಲ್ಪ ಸೈಡ್ ನೆರವಿಗೆ ಬರುತ್ತದೆ. ಕುಶನ್ ತಾಗಿದ ಮೇಲೆ ಬಾಲ್ ಎತ್ತ ತಿರುಗಬೇಕೋ ಅತ್ತ ಕಡೆಯ ಸೈಡ್. ಎಡಕ್ಕೆ ತಿರುಗಬೇಕಾದರೆ ಎಡದ್ದು. ಬಾಲ್ ಕುಶನ್‌ಗಳ ಮೇಲೆ ಸರಾಗವಾಗಿ ಓಡುತ್ತದೆ. ಆದರೆ ಸೈಡ್ ಕೊಟ್ಟು ಹೊಡೆದಾಗ ವೈಟ್ ಗುರಿಯ ಗೆರೆಯಿಂದ ಎದುರು ಬದಿಗೆ ತುಸು ತಳ್ಳಲ್ಪಟ್ಟು ಹೊರಡುತ್ತದೆ, ಕ್ಯೂನಿಂದ ಕ್ಯೂಗೆ ಆ ಪ್ರಮಾಣವೂ ಬೇರೆ. ಪಾರ್ಲರ್‌ನ ಗೂಟದಲ್ಲಿ ಸಿಕ್ಕಿದ ಕ್ಯೂ ತೆಗೆದುಕೊಳ್ಳುವವರು ಒಂದೇ ಕ್ಯೂ ಗುರುತಿಟ್ಟುಕೊಳ್ಳಿ. ಟಿಪ್‌ನ ಅಗಲದಷ್ಟು ಸೈಡ್ ಸಾಕು.

ಎರಡು ಕುಶನ್ ಕಿಕ್ ಎಲ್ಲಿಯವರೆಗೆ ಹೋಗಬಹುದು ಎಂದು ನೋಡಬೇಕೆನಿಸಿದರೆ, 1995ರಲ್ಲಿ ಅಮೆರಿಕದ ರೀನೊ ನಗರದ ಪಂದ್ಯದಲ್ಲಿ ಫಿಲಿಪ್ಪೀನ್ಸ್‌ನ ಎಫ್ರೆನ್ ರೆಯೆಸ್ ಅವರು ಅರ್ಲ್ ಸ್ಟ್ರಿಕ್‌ಲ್ಯಾಂಡ್ ವಿರುದ್ಧ ಹೊಡೆದದ್ದನ್ನು ನೋಡಿ. ವೈಟ್ ಅಂಕುಡೊಂಕಾಗಿ ಎರಡು ಕುಶನ್ ದಾಟಿ ಬಂದು ಬಾಲನ್ನು ಪಾಟ್ ಮಾಡುತ್ತದೆ. ಅದರ ದಾರಿ ಇಂಗ್ಲಿಷಿನ Z ಅಕ್ಷರದ ಆಕಾರದಲ್ಲಿರುವುದರಿಂದ ಆ ಹೊಡೆತಕ್ಕೆ ಝೀ-ಶಾಟ್ ಎಂದೇ ಹೆಸರು.

ಹಂತ 7: ಮೂರು ಕುಶನ್, ಮೂಲೆ-ಐದರ ಲೆಕ್ಕ

ಇದು ಪಾಕೆಟ್ ಇಲ್ಲದ ಕೇರಮ್ ಬಿಲಿಯರ್ಡ್ಸ್ ಟೇಬಲ್‌ನಿಂದ (ನಮ್ಮ ಕೇರಂ ಬೋರ್ಡ್ ಅಲ್ಲ) ಬಂದ ಲೆಕ್ಕ. ಅಡ್ಡ ಬದಿಯ ಹಿಂದೆ, ಟೇಬಲ್‌ನ ಉದ್ದ ನಿಮ್ಮೆದುರು ಚಾಚಿರುವಂತೆ ನಿಲ್ಲಿ. ವೈಟ್ ನಿಮ್ಮ ಎಡ ಮೂಲೆಯಲ್ಲಿದ್ದರೆ ಅದರ ಅಂಕಿ 5. ಬಲಗಡೆಯ ಉದ್ದ ಕುಶನ್‌ನಲ್ಲಿ ದೂರದ ತುದಿಯಿಂದ ನಿಮ್ಮ ಕಡೆಗೆ 1, 2, 3 ಎಂದು ಎಣಿಸಿ, ಎಡಗಡೆಯದರಲ್ಲೂ ಹಾಗೇ. ವೈಟ್ ಬಲ ಕುಶನ್, ಆಮೇಲೆ ಎದುರಿನ ಅಡ್ಡ ಕುಶನ್, ಆಮೇಲೆ ಎಡ ಕುಶನ್ ಮುಟ್ಟುತ್ತದೆ. ವೈಟ್‌ನ ಅಂಕಿಯಿಂದ, ಎಡ ಕುಶನ್‌ನಲ್ಲಿ ತಲುಪಬೇಕಾದ ಅಂಕಿ ಕಳೆದರೆ ಬಲ ಕುಶನ್‌ನ ಗುರಿ ಬರುತ್ತದೆ. 2ಕ್ಕೆ ತಲುಪಬೇಕೇ? 5ರಲ್ಲಿ 2 ಕಳೆದರೆ 3. ಬಲಗಡೆಯ 3ಕ್ಕೆ ಎಡದ ಸೈಡ್ ಕೊಟ್ಟು ಹೊಡೆಯಿರಿ.

ಮೊದಲು ಈ 5–3–2 ಒಂದನ್ನೇ ಕೂರಿಸಿ. ಎಡ ಕುಶನ್‌ಗೆ ತಾಗುವ ಜಾಗದಲ್ಲಿ ಒಂದು ಬಾಲ್ ಇಟ್ಟುಕೊಂಡು ಹೊಡೆದರೆ ತಾಗಿದ ಸದ್ದೇ ಫಲಿತಾಂಶ ಹೇಳುತ್ತದೆ. ಉಳಿದ ಅಂಕಿಗಳು ನಿಮ್ಮ ಟೇಬಲ್‌ನಲ್ಲಿ ಎಷ್ಟು ಹೊಂದುತ್ತವೆ ಎಂಬುದನ್ನು ಒಂದೊಂದಾಗಿ ಹೊಡೆದೇ ಬರೆದುಕೊಳ್ಳಬೇಕು.

ಒಂದು ಗಂಟೆ ಹಂಚಿಕೊಳ್ಳುವುದು

ಮೊದಲ ಹತ್ತು ನಿಮಿಷ ಹಂತ 1 ಮತ್ತು 2, ಪ್ರತಿ ದಿನ, ಎಷ್ಟೇ ಪಳಗಿದರೂ. ಆಮೇಲೆ ಇಪ್ಪತ್ತು ನಿಮಿಷ ಒಂದೇ ಒಂದು ಹಂತ. ಎಲ್ಲವನ್ನೂ ಒಂದೇ ದಿನ ಮುಟ್ಟಲು ಹೋದರೆ ಯಾವುದೂ ನಿಲ್ಲುವುದಿಲ್ಲ. ಉಳಿದ ಅರ್ಧ ಗಂಟೆ ಆಟ.

ಒಬ್ಬರೇ ಆಡುವ ಆಟ ಎರಡು ಹೇಳುತ್ತೇನೆ. ಮೊದಲನೆಯದು ಭೂತದೊಂದಿಗೆ 9-ಬಾಲ್: ಬ್ರೇಕ್ ಮಾಡಿ, ಅಂದರೆ ಜೋಡಿಸಿಟ್ಟ ಬಾಲ್‌ಗಳಿಗೆ ಹೊಡೆದು ಹರಡಿ, ವೈಟ್ ಕೈಗೆ ತೆಗೆದುಕೊಂಡು ಬೇಕಾದಲ್ಲಿಟ್ಟು, ಚಿಕ್ಕ ಅಂಕಿಯಿಂದ ಕ್ರಮವಾಗಿ 9ರವರೆಗೆ ಒಂದೂ ತಪ್ಪದೆ ಮುಗಿಸಬೇಕು. ಒಂದು ತಪ್ಪಿದರೂ ಆ ಆಟ ಕಾಣದ ಎದುರಾಳಿಯದು. ಹೊಸಬರು ಮೂರೇ ಬಾಲ್ ಹರಡಿ ಶುರು ಮಾಡಲಿ. ಎರಡನೆಯದು ಬ್ಯಾಂಕ್ ಪೂಲ್: ಬ್ಯಾಂಕ್ ಆಗಿ ಬಿದ್ದ ಬಾಲ್‌ಗೆ ಮಾತ್ರ ಅಂಕ. 9 ಬಾಲ್‌ಗಳಲ್ಲಿ ಇಬ್ಬರು ಆಡಿದರೆ 5 ಹಾಕಿದವರು ಗೆದ್ದಂತೆ. ಒಬ್ಬರೇ ಆಡುವಾಗ ಆ 5ಕ್ಕೆ ಎಷ್ಟು ಹೊಡೆತ ಹಿಡಿಯಿತೆಂದು ಎಣಿಸಿ, ತಾರೀಖಿನೊಂದಿಗೆ ಬರೆದಿಡಿ. ಮೊದಲ ದಿನ ನಲವತ್ತು ದಾಟಿದರೆ ಬೇಸರ ಬೇಡ.

ಬೇರೆ ಟೇಬಲ್, ಬೇರೆ ಋತು

ಹೊಸ ಬಟ್ಟೆ ಹಾಕಿದ ಟೇಬಲ್‌ನಲ್ಲಿ ಬಾಲ್ ಹೆಚ್ಚು ದೂರ ಜಾರುತ್ತದೆ. ಹಳೆಯದರಲ್ಲಿ ಬೇಗ ಉರುಳುತ್ತದೆ. ಮಂಗಳೂರು, ಉಡುಪಿಯಂಥ ಕರಾವಳಿಯ ಊರಲ್ಲಿ ಮಳೆಗಾಲ ಹಿಡಿದರೆ ಬಟ್ಟೆ ತೇವ ಹೀರಿ ಬಾಲ್ ನಿಧಾನವಾಗುತ್ತದೆ, ಬೇಸಿಗೆಯ ನಿಮ್ಮ ಎರಡು ಉದ್ದದ ಹೊಡೆತ ಕುಶನ್ ಮುಟ್ಟದೆ ನಡುದಾರಿಯಲ್ಲೇ ನಿಲ್ಲಬಹುದು. ಸ್ನೂಕರ್ ಟೇಬಲ್‌ನಲ್ಲಿ ಕಲಿತು ಪೂಲ್‌ಗೆ ಬಂದವರಿಗೂ ಇದೇ ಮಾತು. ಅದರ ಕುಶನ್‌ನ ಆಕಾರ ಬೇರೆ, ಬಾಲ್ 52.5 ಮಿ.ಮೀ. ಮಾತ್ರ, ಅಲ್ಲಿನ ಅಂದಾಜು ಇಲ್ಲಿಗೆ ಹೊತ್ತು ತರಬೇಡಿ.

ಆದ್ದರಿಂದ ಯಾವ ಹೊಸ ಟೇಬಲ್‌ಗೆ ಹೋದರೂ ಆಟಕ್ಕೆ ಮುಂಚೆ ಐದು ಹೊಡೆತ ಕೇಳಿ ಪಡೆಯಿರಿ: ಒಂದು ಲ್ಯಾಗ್, 4–2ರ ಕಿಕ್ ಎರಡು ವೇಗದಲ್ಲಿ ಒಂದೊಂದು, ನಡು ಪಾಕೆಟ್‌ಗೆ ಕಟ್ ಇಲ್ಲದ ಒಂದು ಬ್ಯಾಂಕ್, ಒಂದು 5–3–2. ಐದನ್ನೂ ನೋಟ್‌ಬುಕ್ಕಿನಲ್ಲಿ ನಿಮ್ಮ ಮಾಮೂಲಿ ಟೇಬಲ್‌ನ ಅಂಕಿಗಳ ಪಕ್ಕ ಬರೆಯಿರಿ. ಐದೂ ಒಂದೇ ಕಡೆಗೆ, ಶಾರ್ಟ್‌ಗೋ ಲಾಂಗ್‌ಗೋ, ವಾಲಿದ್ದರೆ ಅವತ್ತಿನ ಆಟ ಮುಗಿಯುವವರೆಗೆ ಎಲ್ಲ ಗುರಿಯನ್ನೂ ಹಂತ 3ರಲ್ಲಿ ಹೇಳಿದಂತೆ ಸರಿಸಿ ಆಡಿ.